ಒಂದು, ಮೂರು, ಐದು, ಏಳು: ಬೀಳುವ ಕಲ್ಲಿನ ಲೆಕ್ಕ

ಹಾಳು ಬಾವಿಯೊಂದರಲ್ಲಿ ನೀರು ಎಷ್ಟು ಆಳದಲ್ಲಿದೆಯೆಂದು ತಿಳಿಯಲು ಹಗ್ಗವೇ ಬೇಕೆಂದಿಲ್ಲ. ಒಂದು ಸಣ್ಣ ಕಲ್ಲೂ ಒಂದು ಗಡಿಯಾರವೂ ಇದ್ದರೆ ಸಾಕು. ಕಲ್ಲನ್ನು ಎಸೆಯದೆ ಮೆಲ್ಲನೆ ಕೈಬಿಟ್ಟು, ನೀರಿನ ಸಪ್ಪಳ ಕೇಳುವವರೆಗೆ ಸೆಕೆಂಡುಗಳನ್ನು ಎಣಿಸಬೇಕು. ಒಂದು ಸೆಕೆಂಡಿಗೆ ಸಪ್ಪಳವಾದರೆ ನೀರು ಸುಮಾರು 5 ಮೀಟರು ಕೆಳಗಿದೆ ಎಂದು ಅರ್ಥ. ಎರಡು ಸೆಕೆಂಡು ಹಿಡಿದರೆ? 10 ಮೀಟರು ಎಂದು ಥಟ್ಟನೆ ಉತ್ತರ ಕೊಡುವವರೇ ಹೆಚ್ಚು. ಆದರೆ ನೀರು ಇರುವುದು ಸುಮಾರು 20 ಮೀಟರು ಆಳದಲ್ಲಿ. ಮೂರು ಸೆಕೆಂಡು ಹಿಡಿದರೆ ಆಳ 15 ಮೀಟರಲ್ಲ. ಸಪ್ಪಳ ಮೇಲೇರಿ ಬರಲು ಹಿಡಿಯುವ ಅತ್ಯಲ್ಪ ಕಾಲವನ್ನು ಗಣನೆಗೆ ತೆಗೆದುಕೊಳ್ಳದಿದ್ದರೆ, 44 ಮೀಟರು!

ಬಾವಿಯ ಬಳಿ ಈ ತಪ್ಪಿನಿಂದಾಗುವ ನಷ್ಟ ದೊಡ್ಡದಲ್ಲ; ತಂದ ಹಗ್ಗ ಕೆಲವು ಮಾರು ಕಡಮೆ ಬಿದ್ದೀತು, ಅಷ್ಟೆ. ಆದರೆ ಇದೇ ಲೆಕ್ಕ ಹಿಂದುಮುಂದಾಗಿ ಹೆದ್ದಾರಿಯ ಮೇಲೂ ನಡೆಯುತ್ತಿರುತ್ತದೆ. ಕೈಬಿಟ್ಟ ಕಲ್ಲು ವೇಗವನ್ನು ಗಳಿಸುತ್ತ ಬೀಳುವುದೂ, ಓಡುವ ಕಾರು ಬ್ರೇಕು ಹಾಕಿದ ಮೇಲೆ ವೇಗವನ್ನು ಕಳೆದುಕೊಳ್ಳುತ್ತ ನಿಲ್ಲುವುದೂ ಒಂದೇ ನಿಯಮದ ಎರಡು ಮುಖಗಳು. ಅಲ್ಲಿ ಲೆಕ್ಕ ತಪ್ಪಿದರೆ ತೆರಬೇಕಾದ ಬೆಲೆ ಮನುಷ್ಯನ ಪ್ರಾಣ. ಹಾಗೆಂದು ಇದು ದಡ್ಡರು ಮಾತ್ರ ಮಾಡುವ ತಪ್ಪೇನೂ ಅಲ್ಲ. ಈ ನಿಯಮವನ್ನು ಲೋಕಕ್ಕೆ ಬೆಲೆಯುಳ್ಳ ಆಸ್ತಿಯಾಗಿ ಬಿಟ್ಟುಹೋದ ಮೇಧಾವಿಯೇ ಒಂದು ಕಾಲದಲ್ಲಿ ಇದರಲ್ಲಿ ಎಡವಿದ್ದನು. ಆತನೇ ಇಟಲಿಯ ಗೆಲಿಲಿಯೋ.

ಇಳಿಜಾರಿನ ಮೇಲೆ ಒಂದು ಗುಂಡು

ಗೆಲಿಲಿಯೋ ಹುಟ್ಟಿದ್ದು 1564ರಲ್ಲಿ, ಪೀಸಾ ಪಟ್ಟಣದಲ್ಲಿ. ಆಗಿನ ವಿದ್ಯಾಪೀಠಗಳಲ್ಲಿ ಗ್ರೀಸಿನ ಅರಿಸ್ಟಾಟಲನ ಮಾತೇ ಪ್ರಮಾಣ. ಭಾರವಾದ ವಸ್ತು ಹಗುರವಾದುದಕ್ಕಿಂತ ಬೇಗ ಬೀಳುತ್ತದೆ, ಭಾರ ಹೆಚ್ಚಿದಷ್ಟೂ ವೇಗ ಹೆಚ್ಚು ಎಂಬುದು ಆ ಮತದ ಸಾರ. ಗೆಲಿಲಿಯೋ ಇದನ್ನು ಒಂದು ಸರಳವಾದ ಪ್ರಶ್ನೆಯಿಂದಲೇ ಅಲುಗಿಸಿದನು. ದೊಡ್ಡ ಕಲ್ಲೊಂದಕ್ಕೆ ಸಣ್ಣ ಕಲ್ಲೊಂದನ್ನು ಕಟ್ಟಿ ಕೆಳಗೆ ಬಿಟ್ಟರೆ ಏನಾಗಬೇಕು? ಸಣ್ಣದು ನಿಧಾನವಾಗಿ ಬೀಳುವುದಾದರೆ ಅದು ದೊಡ್ಡದನ್ನು ಹಿಂದಕ್ಕೆ ಎಳೆಯಬೇಕು. ಜೋಡಿಯ ವೇಗ ಕುಗ್ಗಬೇಕು. ಆದರೆ ಎರಡೂ ಸೇರಿದ ಭಾರ ದೊಡ್ಡ ಕಲ್ಲಿನ ಭಾರಕ್ಕಿಂತ ಹೆಚ್ಚಾದುದರಿಂದ ಜೋಡಿಯ ವೇಗ ಹಿಗ್ಗಲೂ ಬೇಕು! ಒಂದೇ ಮತದಿಂದ ಎರಡು ವಿರುದ್ಧ ಫಲಗಳು ಹುಟ್ಟುವುದಾದರೆ ಆ ಮತವೇ ಸುಳ್ಳು.

ಪೀಸಾದ ವಾಲುಗೋಪುರದ ತುದಿಯಿಂದ ಆತನು ಎರಡು ಗುಂಡುಗಳನ್ನು ಕೆಳಗೆ ಬಿಟ್ಟು ಪಂಡಿತರ ಬಾಯಿ ಮುಚ್ಚಿಸಿದನೆಂಬ ಕಥೆ ಪ್ರಸಿದ್ಧವಾಗಿದೆ. ಇದನ್ನು ಹೇಳಿದವನು ಆತನ ಶಿಷ್ಯನಾದ ವಿವಿಯಾನಿ, ಅದೂ ಗುರುವು ತೀರಿಹೋದ ಮೇಲೆ. ಗೋಪುರದ ಪ್ರಯೋಗ ನಡೆದಿರಲಿ, ಬಿಡಲಿ. ಅದರಿಂದ ಎರಡು ಗುಂಡುಗಳು ಜೊತೆಯಾಗಿ ಬೀಳುತ್ತವೆಂದು ತಿಳಿಯುವುದೇ ಹೊರತು, ಬೀಳುವಾಗ ವೇಗ ಯಾವ ಕ್ರಮದಲ್ಲಿ ಏರುತ್ತದೆಂಬುದು ತಿಳಿಯುವಂತಿಲ್ಲ. ನಿಜವಾದ ಗಂಟು ಇದ್ದುದು ಅಲ್ಲಿಯೇ. 20 ಮೀಟರು ಎತ್ತರದಿಂದ ಬಿಟ್ಟ ಕಲ್ಲು ಎರಡೇ ಸೆಕೆಂಡುಗಳಲ್ಲಿ ನೆಲ ಮುಟ್ಟುತ್ತದೆ. ಲೋಲಕದ ಗಡಿಯಾರವನ್ನು ಹಾಲೆಂಡಿನ ಹೈಗೆನ್ಸ್ ನಿರ್ಮಿಸಿದ್ದು 1656ರಲ್ಲಿ. ಅದಕ್ಕೂ ಅರ್ಧ ಶತಮಾನ ಮುಂಚೆ, ಸೆಕೆಂಡಿನ ಭಾಗಗಳನ್ನು ಅಳೆಯುವ ಬಗೆ ಯಾವುದು?

ಗೆಲಿಲಿಯೋ ಹುಡುಕಿದ ಉಪಾಯ ಚಮತ್ಕಾರದ್ದು. ಕಾಲವನ್ನು ಹಿಡಿಯಲಾಗದಿದ್ದರೆ ಬೀಳುವಿಕೆಯನ್ನೇ ನಿಧಾನಗೊಳಿಸಿದರಾಯಿತು! ನೆಟ್ಟಗೆ ಬೀಳುವ ಬದಲು ಗುಂಡು ಇಳಿಜಾರಿನಲ್ಲಿ ಉರುಳಲಿ. ವೇಗ ಏರುವ ಪ್ರಮಾಣ ತಗ್ಗೀತು, ಆದರೆ ಏರುವ ಕ್ರಮ ಬದಲಾಗದು. ಅಲ್ಲಿಯ ಅಳತೆಯಲ್ಲಿ 12 ಮೊಳ ಉದ್ದದ ಮರದ ತೊಲೆಯೊಂದನ್ನು ತೆಗೆದುಕೊಂಡು, ಅದರಲ್ಲಿ ಬೆರಳಗಲದ ನೇರವಾದ ಗಾಡಿಯನ್ನು ಕೊರೆದು, ನುಣುಪಾಗಿಸಿ, ಒಳಗೆ ಹದಮಾಡಿದ ತೆಳುವಾದ ತೊಗಲನ್ನು ಅಂಟಿಸಿದನು. ತೊಲೆಯ ಒಂದು ತುದಿಯನ್ನು ಒಂದೆರಡು ಮೊಳ ಎತ್ತರಿಸಿ, ದುಂಡಗಿನ ಕಂಚಿನ ಗುಂಡನ್ನು ಅದರಲ್ಲಿ ಉರುಳಬಿಟ್ಟನು.

ಕಾಲವನ್ನು ಅಳೆಯಲು ನೀರು. ದೊಡ್ಡ ಪಾತ್ರೆಯ ತಳದಲ್ಲಿ ಸಣ್ಣ ಕೊಳವೆಯನ್ನು ಕೂಡಿಸಿ, ಗುಂಡು ಉರುಳುವಷ್ಟು ಹೊತ್ತು ಸಣ್ಣ ಧಾರೆಯಾಗಿ ಸುರಿದ ನೀರನ್ನು ಲೋಟದಲ್ಲಿ ಹಿಡಿದು ತಕ್ಕಡಿಯಲ್ಲಿ ತೂಗಿದನು. ನೀರಿನ ತೂಕ ಇಮ್ಮಡಿಯಾದರೆ ಕಾಲವೂ ಇಮ್ಮಡಿ. ಇಂಥ ಪ್ರಯೋಗವನ್ನು ನೂರು ಸಲ ಮಾಡಿದುದಾಗಿಯೂ, ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ನಾಡಿಮಿಡಿತದ ಹತ್ತನೆಯ ಒಂದು ಪಾಲಿನಷ್ಟೂ ಅಂತರ ಬರಲಿಲ್ಲವೆಂದೂ ಆತನು ಬರೆದಿದ್ದಾನೆ. ತೊಲೆಯ ಕಾಲುಭಾಗವನ್ನು ಮಾತ್ರ ಉರುಳಲು ಗುಂಡಿಗೆ ಹಿಡಿದ ಕಾಲ ಇಡೀ ತೊಲೆಗೆ ಹಿಡಿದುದರ ಸರಿಯಾಗಿ ಅರ್ಧ. ಎಂದರೆ ಕಾಲ ಇಮ್ಮಡಿಯಾದರೆ ದೂರ ನಾಲ್ಮಡಿ. ಕಾಲ ಮುಮ್ಮಡಿಯಾದರೆ ದೂರ ಒಂಬತ್ತು ಮಡಿ. ದೂರವು ಕಾಲದ ವರ್ಗವನ್ನು ಅನುಸರಿಸುತ್ತದೆ.

ಬೆಸ ಸಂಖ್ಯೆಗಳ ಸೊಗಸು

ಇದನ್ನೇ ಇನ್ನೊಂದು ಬಗೆಯಲ್ಲಿ ನೋಡಿದರೆ ಅದರ ಸೊಗಸು ಎದ್ದು ಕಾಣುತ್ತದೆ. ಮೊದಲನೆಯ ಸೆಕೆಂಡಿನಲ್ಲಿ ಬಿದ್ದ ದೂರವನ್ನು ಒಂದು ಪಾಲು ಎಂದುಕೊಂಡರೆ, ಎರಡನೆಯ ಸೆಕೆಂಡಿನಲ್ಲಿ ಬೀಳುವುದು ಮೂರು ಪಾಲು, ಮೂರನೆಯದರಲ್ಲಿ ಐದು, ನಾಲ್ಕನೆಯದರಲ್ಲಿ ಏಳು. ಈ ಬೆಸ ಸಂಖ್ಯೆಗಳನ್ನು ಕೂಡಿಸುತ್ತ ಹೋದರೆ ಒಂದು, ನಾಲ್ಕು, ಒಂಬತ್ತು, ಹದಿನಾರು ಎಂದು ವರ್ಗಸಂಖ್ಯೆಗಳೇ ಒಂದಾದ ಮೇಲೊಂದು ಬರುತ್ತವೆ.

ಇದಕ್ಕೆ ಕಾರಣ ಸುಲಭವಾದುದು. ಬೀಳುವ ವಸ್ತುವಿನ ವೇಗ ಪ್ರತಿ ಸೆಕೆಂಡಿಗೂ ಸಮನಾಗಿ, ಸೆಕೆಂಡಿಗೆ 9.8 ಮೀಟರಿನಷ್ಟು ಏರುತ್ತದೆ. ಹೀಗೆ ವೇಗ ಏರುವ ಪ್ರಮಾಣಕ್ಕೆ ಭೌತಶಾಸ್ತ್ರದಲ್ಲಿ ವೇಗೋತ್ಕರ್ಷವೆಂದು ಹೆಸರು. ಅದು ಬದಲಾಗದೆ ಒಂದೇ ಸಮನಾಗಿದ್ದರೆ ಸಮವೇಗೋತ್ಕರ್ಷ. ಮೊದಲ ಸೆಕೆಂಡಿನ ಆರಂಭದಲ್ಲಿ ಕಲ್ಲಿನ ವೇಗ ಸೊನ್ನೆ, ಕೊನೆಯಲ್ಲಿ 9.8, ಸರಾಸರಿ 4.9. ಆದುದರಿಂದ ಆ ಸೆಕೆಂಡಿನಲ್ಲಿ ಅದು ಬಿದ್ದ ದೂರ 4.9 ಮೀಟರು. ಎರಡನೆಯ ಸೆಕೆಂಡಿನಲ್ಲಿ ವೇಗ 9.8ರಿಂದ 19.6ಕ್ಕೆ ಏರುತ್ತದೆ, ಸರಾಸರಿ 14.7, ಎಂದರೆ ಮೊದಲಿನದರ ಮೂರರಷ್ಟು. ಹೀಗೆ ಸರಾಸರಿಯನ್ನು ಹಿಡಿದು ದೂರವನ್ನು ಗುಣಿಸುವ ಬಗೆಯನ್ನು ಫ್ರಾನ್ಸಿನ ನಿಕೋಲ್ ಒರೆಮ್ ಎಂಬ ಪಂಡಿತನು 14ನೆಯ ಶತಮಾನದಲ್ಲಿಯೇ ತ್ರಿಕೋಣದ ಚಿತ್ರ ಬರೆದು ತೋರಿಸಿದ್ದನು. ಆದರೆ ನಿಜವಾಗಿ ಉರುಳುವ ಗುಂಡನ್ನು ಅಳೆದು ನೋಡಿ ನಿಸರ್ಗವೂ ಇದೇ ಲೆಕ್ಕವನ್ನು ಪಾಲಿಸುತ್ತದೆಂದು ತೋರಿಸಿದ ಕೀರ್ತಿ ಗೆಲಿಲಿಯೋವಿನದು.

ಮೇಧಾವಿಯ ಎಡವಟ್ಟು

ಇಷ್ಟಾದರೂ ಆತನು ಎಡವಿದ್ದೆಲ್ಲಿ? 1604ನೆಯ ಇಸವಿ ಅಕ್ಟೋಬರ್ 16ರಂದು ವೆನಿಸ್ಸಿನಲ್ಲಿದ್ದ ಸ್ನೇಹಿತ ಪಾವೋಲೋ ಸಾರ್ಪಿಗೆ ಆತನು ಬರೆದ ಪತ್ರ ಇಂದಿಗೂ ಉಳಿದುಬಂದಿದೆ. ದೂರಗಳು ಕಾಲದ ವರ್ಗದಂತೆ ಬೆಳೆಯುತ್ತವೆಂಬುದೂ, ಒಂದು-ಮೂರು-ಐದರ ಕ್ರಮವೂ ಆ ಪತ್ರದಲ್ಲಿ ಸರಿಯಾಗಿಯೇ ಇವೆ. ಆದರೆ ಅದಕ್ಕೆ ಮೂಲಸೂತ್ರವನ್ನು ಹೇಳುವಾಗ, ಬೀಳುವ ವಸ್ತುವಿನ ವೇಗವು ಅದು ಬಿದ್ದ ದೂರಕ್ಕೆ ತಕ್ಕಂತೆ ಏರುತ್ತದೆಂದು ಬರೆದುಬಿಟ್ಟನು. ಇಮ್ಮಡಿ ದೂರ ಬಿದ್ದರೆ ಇಮ್ಮಡಿ ವೇಗ! ಕೇಳಲು ಎಷ್ಟು ಸಹಜವಾಗಿದೆ! ಎತ್ತರದಿಂದ ಬಿದ್ದುದಕ್ಕೆ ಪೆಟ್ಟು ಜೋರು ಎಂಬುದನ್ನು ಎಲ್ಲರೂ ಕಂಡವರೇ.

ಆದರೆ ಈ ಸೂತ್ರ ನಿಲ್ಲಲಾರದು. ವೇಗವು ಬಿದ್ದ ದೂರಕ್ಕೆ ತಕ್ಕಂತೆ ಇರಬೇಕಾದರೆ, ಇನ್ನೂ ಬೀಳದೆ ಕೈಯಲ್ಲೇ ಇರುವ ಕಲ್ಲಿಗೆ ದೂರವೂ ಸೊನ್ನೆ, ವೇಗವೂ ಸೊನ್ನೆ. ವೇಗವಿಲ್ಲದೆ ದೂರ ಬೆಳೆಯದು, ದೂರ ಬೆಳೆಯದೆ ವೇಗ ಹುಟ್ಟದು. ಅಂಥ ಕಲ್ಲು ಕೈಬಿಟ್ಟರೂ ಎಂದೆಂದಿಗೂ ಬೀಳಲೇ ಆರದು! ವೇಗ ಏರುವುದು ದೂರವನ್ನು ನೋಡಿಕೊಂಡಲ್ಲ, ಕಾಲವನ್ನು ನೋಡಿಕೊಂಡು. ಈ ಮಾತು ಇಂದು ಪ್ರೌಢಶಾಲೆಯ ಪುಸ್ತಕದಲ್ಲಿ ಒಂದು ಸಾಲು. ಗೆಲಿಲಿಯೋ ಅದನ್ನು ಮುಟ್ಟಿದ್ದು ತನ್ನ ಮೊದಲ ಸೂತ್ರವನ್ನು ತಾನೇ ಕಿತ್ತೊಗೆದ ಮೇಲೆ.

ಕೊನೆಗೆ ಇದೆಲ್ಲ ಪುಸ್ತಕವಾದ ಬಗೆಯೂ ಹೃದಯವನ್ನು ಕಲಕುವಂಥದು. ಭೂಮಿ ಸೂರ್ಯನನ್ನು ಸುತ್ತುತ್ತದೆಂಬ ಪಕ್ಷವನ್ನು ಹಿಡಿದ ಅಪರಾಧಕ್ಕಾಗಿ 1633ರಲ್ಲಿ ರೋಮಿನ ಧರ್ಮನ್ಯಾಯಾಸನವು ಆತನಿಗೆ ಶಿಕ್ಷೆ ವಿಧಿಸಿತು. ಉಳಿದ ಆಯುಷ್ಯವನ್ನೆಲ್ಲ ಆತನು ಫ್ಲಾರೆನ್ಸಿನ ಬಳಿಯ ಆರ್ಚೆತ್ರಿಯಲ್ಲಿ ಗೃಹಬಂಧನದಲ್ಲೇ ಕಳೆಯಬೇಕಾಯಿತು. ಮರುವರ್ಷ ಅಕ್ಕರೆಯ ಮಗಳು ತೀರಿಕೊಂಡಳು. ಆಮೇಲೆ ಎರಡು ಕಣ್ಣುಗಳೂ ಹೋದುವು. ಇಂಥ ಸ್ಥಿತಿಯಲ್ಲಿದ್ದ ಮುದುಕನ ಎರಡು ಹೊಸ ವಿಜ್ಞಾನಗಳ ಮೇಲಿನ ಗ್ರಂಥ 1638ರಲ್ಲಿ ದೂರದ ಹಾಲೆಂಡಿನ ಲೈಡನ್ ಪಟ್ಟಣದಲ್ಲಿ ಅಚ್ಚಾಯಿತು. ತೊಲೆ, ಗುಂಡು, ನೀರಿನ ಧಾರೆಗಳ ವರ್ಣನೆ ಬರುವುದು ಅದರಲ್ಲಿಯೇ. 1642ರ ಜನವರಿ 8ರಂದು ಆತನು ಕಣ್ಮುಚ್ಚಿದಾಗ, ಕೆಲವೇ ತಿಂಗಳ ಹಿಂದೆ ಸಹಾಯಕನಾಗಿ ಬಂದಿದ್ದ ಟೊರಿಚೆಲ್ಲಿ ಎಂಬ ತರುಣ ಜೊತೆಗಿದ್ದನು. ಕಾಲವನ್ನು ಬಿಟ್ಟು ವೇಗಕ್ಕೂ ದೂರಕ್ಕೂ ನೇರವಾಗಿ ಗಂಟುಹಾಕುವ ಸಮೀಕರಣಕ್ಕೆ ಇಂದು ಅನೇಕ ದೇಶಗಳಲ್ಲಿ ಆ ತರುಣನ ಹೆಸರೇ ಇದೆ.

ಹಳೆಯ ಕಾಗದದ ಸಾಕ್ಷಿ

ನೀರನ್ನು ತೂಗಿ ಇಷ್ಟು ಕರಾರುವಾಕ್ಕಾಗಿ ಅಳೆಯುವುದು ಸಾಧ್ಯವೇ ಎಂಬ ಶಂಕೆ ಮುಂದಿನವರಿಗೆ ಬಂತು. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಅಲೆಕ್ಸಾಂಡರ್ ಕೊಯ್ರೆ ಎಂಬ ವಿಜ್ಞಾನ ಚರಿತ್ರಕಾರನು ಈ ಪ್ರಯೋಗಕ್ಕೆ ಬೆಲೆಯೇ ಇಲ್ಲವೆಂದುಬಿಟ್ಟನು. 1961ರಲ್ಲಿ ಅಮೆರಿಕದ ಥಾಮಸ್ ಸೆಟ್ಲ್ ಎಂಬಾತನು ಅಂಥದೇ ಇಳಿಜಾರನ್ನು ಕಟ್ಟಿ, ನೀರಿನಿಂದಲೇ ಕಾಲವನ್ನು ಅಳೆದು, ಗೆಲಿಲಿಯೋ ಹೇಳಿದ ಫಲವನ್ನೇ ಪಡೆದು ಪ್ರಕಟಿಸಿದನು.

ಮತ್ತೆ ಹತ್ತಾರು ವರ್ಷಗಳಲ್ಲಿ ಇನ್ನೂ ದೊಡ್ಡ ಸಾಕ್ಷಿ ಬೆಳಕಿಗೆ ಬಂತು. 1970ರ ದಶಕದಲ್ಲಿ ಸ್ಟಿಲ್ಮನ್ ಡ್ರೇಕ್ ಎಂಬ ವಿದ್ವಾಂಸನು ಫ್ಲಾರೆನ್ಸಿನಲ್ಲಿರುವ ಗೆಲಿಲಿಯೋವಿನ ಕೈಬರಹದ ಹಾಳೆಗಳನ್ನು ತಿರುವುತ್ತಿದ್ದಾಗ ಒಂದರಲ್ಲಿ 33, 130, 298, 526, 824, 1192, 1620, 2104 ಎಂಬ ಅಂಕಿಗಳ ಸಾಲೊಂದನ್ನು ಕಂಡನು. ಅವುಗಳ ಪಕ್ಕದಲ್ಲಿ 1, 4, 9, 16 ಎಂದು ಮೊದಲಾಗಿ 64ರವರೆಗೆ ವರ್ಗಸಂಖ್ಯೆಗಳು! 33ನ್ನು ಆ ವರ್ಗಗಳಿಂದ ಗುಣಿಸಿದರೆ ಬರುವುದು 132, 297, 528, 825. ಇದು ಪುಸ್ತಕದ ಲೆಕ್ಕವಾಗಿದ್ದರೆ ಅಂಕಿಗಳು ತಪ್ಪದೆ ಸರಿಹೋಗಬೇಕಿತ್ತು. ಸ್ವಲ್ಪ ಅತ್ತಿತ್ತ ಆಗಿರುವುದೇ ಇವು ಕೈಯಿಂದ ಅಳೆದ ಅಂಕಿಗಳೆಂಬುದಕ್ಕೆ ಗುರುತು.

ಸಮಾನವಾದ ಕಾಲಾವಧಿಗಳನ್ನು ಆತನು ಗುರುತಿಸಿದ್ದು ಹೇಗೆ? ಗೆಲಿಲಿಯೋವಿನ ತಂದೆ ಹೆಸರಾಂತ ಲ್ಯೂಟ್ ವಾದಕ. ಮಗನಿಗೂ ಆ ವಿದ್ಯೆ ಒಲಿದಿತ್ತು. ತೊಲೆಯ ಮೇಲೆ ಅಲ್ಲಲ್ಲಿ ತಂತಿಗಳನ್ನು ಅಡ್ಡಲಾಗಿ ಕಟ್ಟಿ, ಗುಂಡು ಅವನ್ನು ದಾಟುವಾಗ ಆಗುವ ಟಕ್ ಟಕ್ ಶಬ್ದ ಹಾಡಿನ ತಾಳಕ್ಕೆ ಸರಿಹೊಂದುವವರೆಗೆ ಅವನ್ನು ಸರಿಸಿರಬೇಕೆಂದು ಡ್ರೇಕ್ ಊಹಿಸಿದನು. ತಾಳದ ಪೆಟ್ಟು ಎಳ್ಳಷ್ಟು ಹಿಂದುಮುಂದಾದರೂ ಸಂಗೀತದ ಕಿವಿ ಅದನ್ನು ಥಟ್ಟನೆ ಹಿಡಿದುಬಿಡುತ್ತದೆ.

ಹೆದ್ದಾರಿಯಲ್ಲಿ ಅದೇ ಲೆಕ್ಕ

ಈಗ ಗುಂಡನ್ನು ಹಿಂದಕ್ಕೆ ಉರುಳಿಸಿ ನೋಡಬಹುದು. ಕೆಳಗಿನಿಂದ ಮೇಲಕ್ಕೆ ತಳ್ಳಿದ ಗುಂಡು ವೇಗವನ್ನು ಕಳೆದುಕೊಳ್ಳುತ್ತ ಏರಿ ನಿಲ್ಲುವಾಗ ದೂರಗಳು ಏಳು, ಐದು, ಮೂರು, ಒಂದು ಎಂದು ತಿರುಗುಮುರುಗಾಗುತ್ತವೆ. ಬ್ರೇಕನ್ನು ಒಂದೇ ಸಮನಾಗಿ ಒತ್ತಿದ ಕಾರಿನ ಓಟವೂ ಹೀಗೆಯೇ. ನಿಲ್ಲಲು ನಾಲ್ಕು ಸೆಕೆಂಡು ಹಿಡಿಯುವ ಕಾರು ತಾನು ಸಾಗಬೇಕಾದ ಹದಿನಾರು ಪಾಲುಗಳಲ್ಲಿ ಹನ್ನೆರಡನ್ನು ಮೊದಲ ಎರಡು ಸೆಕೆಂಡುಗಳಲ್ಲಿಯೇ ನುಂಗಿಬಿಡುತ್ತದೆ.

ಚಾಲಕನ ಮನಸ್ಸು ಮಾತ್ರ ಇನ್ನೂ 1604ರ ಪತ್ರದಲ್ಲಿಯೇ ನಿಂತಿದೆ. ವೇಗ ಇಮ್ಮಡಿಯಾದರೆ ನಿಲ್ಲಲು ಇಮ್ಮಡಿ ದೂರ ಸಾಕು, ನಿಲ್ಲುವ ಹಾದಿಯ ಅರ್ಧ ಸವೆದರೆ ವೇಗವೂ ಅರ್ಧವಾಗಿರುತ್ತದೆ ಎಂಬುದು ಅವನ ಎಣಿಕೆ. ಲೆಕ್ಕ ಬೇರೆಯೇ ಹೇಳುತ್ತದೆ. ಇಮ್ಮಡಿ ವೇಗದ ಕಾರು ನಿಲ್ಲಲು ಇಮ್ಮಡಿ ಕಾಲ ಬೇಕು. ಆ ಕಾಲದಲ್ಲೆಲ್ಲ ಅದರ ಸರಾಸರಿ ವೇಗವೂ ಇಮ್ಮಡಿ. ಆದುದರಿಂದ ದೂರ ನಾಲ್ಮಡಿ. ಒಣಗಿದ ಒಳ್ಳೆಯ ಟಾರು ರಸ್ತೆಯಲ್ಲಿ ಬ್ರೇಕಿನಿಂದ ವೇಗ ಪ್ರತಿ ಸೆಕೆಂಡಿಗೆ 7 ಮೀಟರಿನಷ್ಟು ಇಳಿಯುತ್ತದೆಂದು ಇಟ್ಟುಕೊಂಡರೆ, ಗಂಟೆಗೆ 40 ಕಿಲೋಮೀಟರು ವೇಗದ ಕಾರು 9 ಮೀಟರಿನಲ್ಲಿ ನಿಂತೀತು. 80ರ ಕಾರಿಗೆ 35 ಮೀಟರು ಬೇಕು. ಮಳೆಯಿಂದ ನೆನೆದ ರಸ್ತೆಯಲ್ಲಿ ಬ್ರೇಕಿನ ಹಿಡಿತ ಅರ್ಧಕ್ಕೆ ಇಳಿದರೆ ಈ ದೂರಗಳೆಲ್ಲ ಮತ್ತೆ ಇಮ್ಮಡಿಯಾಗುತ್ತವೆ. ಇನ್ನು ನಿಲ್ಲುವ ಹಾದಿಯ ನಟ್ಟನಡುವೆ ಉಳಿದಿರುವ ವೇಗ ಅರ್ಧವಲ್ಲ, ಹತ್ತರಲ್ಲಿ ಏಳು ಪಾಲು. 100 ಕಿಲೋಮೀಟರು ವೇಗದಿಂದ ಹೊರಟವನು ಅರ್ಧ ಹಾದಿ ಸವೆದಾಗಲೂ 71 ಕಿಲೋಮೀಟರು ವೇಗದಲ್ಲಿಯೇ ಇರುತ್ತಾನೆ.

ಇದರ ಕ್ರೂರವಾದ ಫಲ ಒಂದು ಉದಾಹರಣೆಯಿಂದ ಸ್ಪಷ್ಟವಾದೀತು. ಎರಡು ಕಾರುಗಳು ಅಕ್ಕಪಕ್ಕದಲ್ಲಿ ಸಾಗುತ್ತಿವೆ. ಒಂದರ ವೇಗ 80 ಕಿಲೋಮೀಟರು, ಇನ್ನೊಂದರದು 100. ಮುಂದೆ ಬಾಲಕನೊಬ್ಬ ರಸ್ತೆಗೆ ಇಳಿಯುತ್ತಾನೆ. ಇಬ್ಬರ ಬ್ರೇಕುಗಳೂ ಒಂದೇ ಬಗೆಯವು, ಒಂದೇ ಕ್ಷಣದಲ್ಲಿ ಒಂದೇ ಸ್ಥಳದಿಂದ ಹಿಡಿಯುತ್ತವೆ. 80ರ ಕಾರು ಬಾಲಕನಿಗೆ ಗೇಣಿನಷ್ಟು ಹಿಂದೆ ನಿಂತುಬಿಡುತ್ತದೆ. ಅದೇ ಸ್ಥಳದಲ್ಲಿ 100ರ ಕಾರಿನ ವೇಗ ಎಷ್ಟಿರಬೇಕು? 20 ಎಂದು ಹೇಳುವವರೇ ಬಹಳ. ಆದರೆ ಬ್ರೇಕು ಕಳೆಯುವುದು ವೇಗವನ್ನು ನೇರವಾಗಿ ಅಲ್ಲ, ವೇಗದ ವರ್ಗವನ್ನು. 100ರ ವರ್ಗ 10,000. ಅದರಿಂದ 80ರ ವರ್ಗವಾದ 6,400 ಕಳೆದರೆ ಉಳಿಯುವುದು 3,600. ಅದರ ಮೂಲ 60. ಒಂದು ಕಾರು ನಿಂತ ಸ್ಥಳದಲ್ಲಿ ಮತ್ತೊಂದು ಇನ್ನೂ ಗಂಟೆಗೆ 60 ಕಿಲೋಮೀಟರು ವೇಗದಿಂದ ನುಗ್ಗುತ್ತಿರುತ್ತದೆ! 14 ಮೀಟರು ಎತ್ತರದಿಂದ, ಎಂದರೆ ನಾಲ್ಕಂತಸ್ತಿನ ಮನೆಯ ತಾರಸಿಯಿಂದ, ನೆಲಕ್ಕೆ ಬೀಳುವವನಿಗೆ ಆಗುವ ವೇಗ ಅಷ್ಟೇ.

ಅದೂ ಇಬ್ಬರೂ ಕಂಡ ಕೂಡಲೆ ಬ್ರೇಕು ಹಿಡಿಯಿತೆಂದು ಕೊಂಡಾಗಿನ ಮಾತು. ಕಣ್ಣು ಕಂಡು, ಮನಸ್ಸು ತಿಳಿದು, ಕಾಲು ಒತ್ತುವಷ್ಟರಲ್ಲಿ ಒಂದು ಸೆಕೆಂಡಾದರೂ ಸಂದುಹೋಗುತ್ತದೆ. ಆ ಒಂದು ಸೆಕೆಂಡಿನಲ್ಲಿ ಮೊದಲನೆಯವನು 22 ಮೀಟರು ಸಾಗಿದರೆ ಎರಡನೆಯವನು 28 ಮೀಟರು ಸಾಗಿರುತ್ತಾನೆ. ಅದನ್ನೂ ಸೇರಿಸಿ ಲೆಕ್ಕ ಹಾಕಿದರೆ, ಮೊದಲನೆಯ ಕಾರು ನಿಂತ ಸ್ಥಳದಲ್ಲಿ ಎರಡನೆಯದರ ವೇಗ 60 ಅಲ್ಲ, ಸುಮಾರು 68.

ಪ್ರಯಾಣದಲ್ಲಿ ಇದರಿಂದ ಉಳಿಯುವ ಕಾಲವೆಷ್ಟು? 10 ಕಿಲೋಮೀಟರು ದಾರಿಯನ್ನು 80ರ ವೇಗದಲ್ಲಿ ಕ್ರಮಿಸಲು ಏಳೂವರೆ ನಿಮಿಷ. 100ರ ವೇಗದಲ್ಲಿ ಆರು ನಿಮಿಷ. ಒಂದೂವರೆ ನಿಮಿಷದ ಲಾಭ! ರಸ್ತೆಯ ಪಕ್ಕದ ಹಲಗೆಗಳ ಮೇಲೆ ಅವಸರವೇ ಅಪಘಾತಕ್ಕೆ ಕಾರಣವೆಂದು ಬರೆದಿರುವುದನ್ನು ಓದಿ ನಕ್ಕು ಮುಂದೆ ಸಾಗುವವರು ಅನೇಕರು. ಅದನ್ನು ನೀತಿಬೋಧೆಯೆಂದು ತಳ್ಳಿಹಾಕಬಹುದು. ವರ್ಗಸಂಖ್ಯೆಯನ್ನು ತಳ್ಳಿಹಾಕಲು ಯಾರಿಂದಲೂ ಆಗದು. ಬ್ರೇಕು ಹೊಸದಾಗಿರಲಿ, ಟೈರು ಗಟ್ಟಿಯಾಗಿರಲಿ, ಚಾಲಕನು ಎಷ್ಟೇ ಕುಶಲನಾಗಿರಲಿ, ಏಳು, ಐದು, ಮೂರು, ಒಂದರ ಕ್ರಮ ಬದಲಾಗುವುದಿಲ್ಲ. ಬಾಲಕನು ರಸ್ತೆಗೆ ಇಳಿದ ಮೇಲೆ ಚಾಲಕನ ಕೈಯಲ್ಲಿ ಉಳಿಯುವುದು ಬಹಳ ಕಡಮೆ. ಅದಕ್ಕೆ ಮೊದಲು ತಾನು ಯಾವ ವೇಗದಲ್ಲಿರಬೇಕೆಂಬುದು ಮಾತ್ರ ಪೂರ್ತಿಯಾಗಿ ಅವನ ಕೈಯಲ್ಲಿದೆ.